ಕೆಂಪು ಗೆರೆ ಎಳೆದ ಹನ್ನೊಂದು ಹೆಸರು

“ಹೆಣ್ಮಕ್ಕಳ ಎದಿ ನೋಡಾಕ ಬಂದವ್ರು ನೀವ ಹೌದಲ್ರಿ?”

ಕೊಣ್ಣೂರಿನಲ್ಲಿ ನಾನು ಬಸ್ಸಿನಿಂದ ಇಳಿದು, ಎರಡು ಚೀಲ ಹೊತ್ತು, ಬಾಡಿಗೆ ಮನೆಯ ಕಟ್ಟೆ ಹತ್ತುವಾಗ ಕೇಳಿದ ಮೊದಲ ಮಾತು ಇದು. ಕೇಳಿದವರು ಮನೆಯೊಡತಿ ನೀಲವ್ವ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಇನ್ನೂ ನಾಲ್ವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಕುಂದಾಪುರದ ಕಡೆ ಈ ಮಾತನ್ನು ಬಾಗಿಲು ಹಾಕಿಕೊಂಡು, ಅದೂ ಅರ್ಧ ನುಂಗಿ ಹೇಳುತ್ತೇವೆ. ಇಲ್ಲಿ ಅದು ನಡುಬೀದಿಯಲ್ಲಿ ಬಂದು ಎದುರಿಗೆ ನಿಂತಿತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೌದು ಎಂದೆ.

ನನ್ನ ಕೆಲಸ ಅದೇ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯ ಶಿಬಿರಗಳನ್ನು ಯೋಜಿಸುವುದು. ಯಾವ ಊರಿಗೆ ಯಾವ ದಿನ, ಪರದೆ ಎಲ್ಲಿ ಕಟ್ಟಬೇಕು, ಗಂಟು ಸಿಕ್ಕವರನ್ನು ಬೆಳಗಾವಿಗೆ ಹೇಗೆ ಕಳಿಸಬೇಕು, ಎಲ್ಲ ಬರೆಯುವವಳು ನಾನು. ಕೈಯಿಟ್ಟು ನೋಡುವವಳು ನರ್ಸ್ ಕಸ್ತೂರಿ, ಮೂಡಲಗಿ ಕಡೆಯ ಕುರುಬರ ಮನೆಯ ಹುಡುಗಿ. ನಾನು ಬರೆದ ನಿಯಮಗಳ ಹಾಳೆಯನ್ನು ಅವಳು ಪರದೆಗೆ ಪಿನ್ನು ಚುಚ್ಚಿ ತೂಗುಹಾಕುತ್ತಿದ್ದಳು. ಅದನ್ನು ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಸಂಶಯ ನನಗೆ ತವರಿನ ಬಳುವಳಿ. ಕಿವಿರು ಎತ್ತಿ ನೋಡದೆ ನಮ್ಮಮ್ಮ ಒಂದು ಬಂಗುಡೆ ಮೀನನ್ನೂ ಕೊಂಡವಳಲ್ಲ. ಇಲ್ಲಿಗೆ ಬಂದ ಮೇಲೆ ಅದು ಇನ್ನೂ ಹೆಚ್ಚಿತು. ನಮ್ಮಲ್ಲಿ ಬೇಡವಾದರೆ ‘ಕಾಂಬ, ಕಾಂಬ’, ಅಂದರೆ ನೋಡೋಣ, ಎಂದು ಮುಂದೆ ಹಾಕುತ್ತಾರೆ, ಅದು ಬೇಡ ಎಂದೇ ಅರ್ಥ. ಇಲ್ಲಿನವರು ‘ಬರ್ತೇವ್ರಿ’ ಎಂದು ಘಂಟಾಘೋಷವಾಗಿ ಹೇಳಿ, ಬಂದೂ ಬಂದು, ಪರದೆಯ ತನಕ ಹೋಗಿ ವಾಪಸಾಗುತ್ತಿದ್ದರು. ಯಾಕೆಂದು ನನಗೆ ಬಗೆಹರಿಯಲಿಲ್ಲ.

ನೀಲವ್ವನ ಮಾಳಿಗೆಯ ಮೇಲಿನ ಕೋಣೆ ನನ್ನದು. ಅವರದು ಬಸವಣ್ಣನ ದಾರಿಯ ಮನೆ. ಬೆಳಿಗ್ಗೆ ಪೂಜೆಯಾಗದೆ ನೀರು ಮುಟ್ಟುವವರಲ್ಲ. ಬಾಡಿಗೆಗೆ ಕೊಡುವಾಗ ಒಂದೇ ಷರತ್ತು: ಮೀನು ಬೇಯಿಸಬಾರದು. ನಾನು ಒಪ್ಪಿದೆ. ಬೇಯಿಸಲೂ ಇಲ್ಲ. ಆದರೆ ಊರಿನಿಂದ ತಂದ ಒಣಮೀನಿನ ಪೊಟ್ಟಣವೊಂದನ್ನು ಮೂರು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡಿದ್ದೆ. ಊರಿನ ನೆನಪು ತಡೆಯಲಾಗದ ದಿನ ಗಂಟು ಬಿಚ್ಚಿ ಮೂಸಿ ಮತ್ತೆ ಕಟ್ಟುತ್ತಿದ್ದೆ. ನಗಬೇಡಿ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಹೊಟ್ಟೆ ಬಿಳಿಜೋಳದ ರೊಟ್ಟಿಗೆ ಆರು ತಿಂಗಳಲ್ಲಿ ಒಗ್ಗಿತು, ಮೂಗು ಒಗ್ಗಲಿಲ್ಲ.

ನೀಲವ್ವ ದಿನಾ ಸಂಜೆ ರೊಟ್ಟಿ, ಪುಂಡಿಪಲ್ಲೆ ಹಿಡಿದು ಮೇಲೆ ಬರುತ್ತಿದ್ದರು. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. “ಗಂಟ ಸಿಕ್ರ ಮುಂದ ಏನ್ ಮಾಡ್ತೀರಿ? ಕೊಯ್ತಾರೇನ್ರಿ? ಊರಾಗಿನವ್ರಿಗೆ ಗೊತ್ತಾಗತೈತೇನ್ರಿ?” ಎಂದು ಕೇಳುತ್ತಿದ್ದರು. ಕೆಳಗೆ ಹೋಗಿ ಮತ್ತೆ ಕಟ್ಟೆಯ ಮೇಲೆ ಅದೇ ನಾಲ್ವರ ಜೊತೆ ಕೂರುತ್ತಿದ್ದರು. ಕೊಣ್ಣೂರಿನ ಶಿಬಿರದ ದಿನ ನಮ್ಮ ತಂಡಕ್ಕೆಲ್ಲ ಚಹಾ ಮಾಡಿ ತಂದುಕೊಟ್ಟರು, ತಾವು ಮಾತ್ರ ಪರದೆಯ ಹತ್ತಿರವೂ ಸುಳಿಯಲಿಲ್ಲ. ಈಕೆಯೇ ಹೋಗಬೇಡಿ ಎಂದು ಉಳಿದವರ ಕಿವಿ ಕಚ್ಚುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ.

ಕಸ್ತೂರಿಯ ಮೇಲೂ ಕಣ್ಣಿಟ್ಟಿದ್ದೆ. ಗೋಕಾಕ ಫಾಲ್ಸಿನ ಶಿಬಿರದಲ್ಲಿ ನಾನೇ ಕೂತಿದ್ದೆ, ಅರ್ಧಕ್ಕರ್ಧ ಹೆಂಗಸರು ಮಾತ್ರ ತಪಾಸಣೆ ಮಾಡಿಸಿಕೊಂಡರು. ಮೂಡಲಗಿ ಹತ್ತಿರದ ಕುರಿಗಾರರ ವಸತಿಯಲ್ಲಿ ನಾನಿಲ್ಲದ ದಿನ ಬಂದವರೆಲ್ಲರದೂ ಮುಗಿದಿತ್ತು. ಇಷ್ಟು ಚೆನ್ನಾಗಿ ಯಾವ ಶಿಬಿರವೂ ನಡೆಯುವುದಿಲ್ಲ ಎಂದುಕೊಂಡೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಹಾಳೆಯಲ್ಲಿ ಅದಕ್ಕೆ ತದ್ವಿರುದ್ಧ: ಹನ್ನೊಂದು ಹೆಸರುಗಳ ಮುಂದೆ ಹೆಬ್ಬೆಟ್ಟೋ ಸಹಿಯೋ ಇದೆ, ತಪಾಸಣೆಯ ಜಾಗ ಖಾಲಿ. ಹಾಜರಿ ತೋರಿಸಲು ಮನೆಯಲ್ಲೇ ಕೂತು ತುಂಬಿದ್ದಾಳೆ ಎಂದು ಆ ಹನ್ನೊಂದರ ಕೆಳಗೂ ಕೆಂಪು ಗೆರೆ ಎಳೆದೆ. “ಯಾಕೆ ಸುಳ್ಳು ಬರೆದೆ?” ಎಂದು ಕಸ್ತೂರಿಯನ್ನು ಕೇಳಿದೆ. ಅವಳು “ಸುಳ್ಳ ಬರದಿಲ್ರಿ” ಎಂದಷ್ಟೇ ಹೇಳಿ ತನ್ನ ಚೀಲ ಎತ್ತಿಕೊಂಡು ಹೋದಳು.

ಒಂದು ಭಾನುವಾರ ಬೆಳಿಗ್ಗೆ ಗೋಕಾಕದ ಸಂತೆಯಿಂದ ಬಂದು ನೋಡಿದರೆ ನನ್ನ ಕಪಾಟಿನ ಕಾಗದಗಳು ಅತ್ತಿತ್ತ ಆಗಿದ್ದವು. ಹೆಂಗಸರಿಗೆ ತೋರಿಸುವ ಚಿತ್ರದ ಪಟ ಎಲ್ಲಕ್ಕಿಂತ ಮೇಲೆ ಬಂದಿತ್ತು. ಕೆಳಗಿಳಿದು ಹೋಗಿ ಕೇಳಿಯೇಬಿಟ್ಟೆ. “ನನ್ನ ಕಪಾಟು ತೆಗೆದವರು ಯಾರು? ಇದನ್ನೆಲ್ಲ ನೋಡಿ ಊರವರಿಗೆ ಹೇಳುತ್ತೀರಾ?”

ನೀಲವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ಮಗುಚಿ ಹಾಕಿ ಹೇಳಿದರು. “ನೀವು ಒಣಮೀನ ಮುಚ್ಚಿಟ್ಟಿದ್ದು ಬಂದ ವಾರದಾಗ ನಂಗ ಗೊತ್ತಾಗೇತ್ರಿ. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ. ನಿಮ್ಮ ಕಾಗದದ ಮಾತ ಯಾರ ಮುಂದ ಹೇಳ್ಲಿ?”

ನಾನು ಹೊಸ್ತಿಲ ಮೇಲೆ ಕೂತೆ.

“ಕಪಾಟ ನಾನ ತಗದೇನಿ. ಆ ಚಿತ್ರದಾಗ ತೋರಿಸ್ಯಾರಲ್ಲ, ಚರ್ಮ ಒಳಗ ಜಗ್ಗಿದ್ದು. ನಂದೂ ಹಂಗ ಐತೇನು ಅಂತ ನೋಡಿದೆ. ಖರೆ ಹೇಳ್ತೇನಿ, ಹಂಗ ಐತ್ರಿ.”

ಸೆರಗಿನಿಂದ ಹಣೆ ಒರೆಸಿಕೊಂಡು ಅವರು ಮುಂದಿನ ರೊಟ್ಟಿ ತಟ್ಟತೊಡಗಿದರು. ನನ್ನ ಆರು ತಿಂಗಳ ಸಂಶಯವೆಲ್ಲ ಆ ಅಡುಗೆಮನೆಯಲ್ಲಿ ನನ್ನ ಮುಖಕ್ಕೇ ಬಡಿಯಿತು. ಗಂಟು ಸಿಕ್ಕರೆ ಮುಂದೇನು ಎಂದು ಈಕೆ ದಿನಾ ಕೇಳಿದ್ದು ತನಗಾಗಿ.

“ಮತ್ತೆ ಶಿಬಿರಕ್ಕೆ ಯಾಕೆ ಬರಲಿಲ್ಲ?” ಎಂದೆ.

“ಬಂದಿದ್ನಲ್ರಿ. ಇಲ್ಲಿ ಬ್ಯಾಡ, ಮಂದಿ ನೋಡ್ತಾರ ಅಂತ ತವರಮನಿಗೆ ಹೋಗಿ ಘೋಡಗೇರ್‍ಯಾಗ ಹೆಸರ ಹಚ್ಚಿದೆ. ಪರದೆ ಒಳಗ ಆ ಹುಡುಗಿ ಟ್ರೇ ಮುಂದ ಹಿಡದ್ಲು. ಕೊರಳಾಗಿಂದು ಎಲ್ಲಾ ತಗದ ಇದರಾಗ ಇಡ್ರಿ ಅಂದ್ಲು. ಎದ್ದ ಬಂದೆ.” ಕುಪ್ಪಸದೊಳಗಿನಿಂದ ದಾರ ಎಳೆದು ಬೆಳ್ಳಿಯ ಕರಡಿಗೆಯನ್ನು ತೋರಿಸಿದರು. ಮೊಟ್ಟೆಯಾಕಾರದ ಸಣ್ಣ ಡಬ್ಬಿ, ಒಳಗೆ ಲಿಂಗ. “ಹುಟ್ಟಿದಾಗ ಕಟ್ಟ್ಯಾರ್ರಿ. ಹಡಿಯುವಾಗ್ಲೂ ಮೈಮ್ಯಾಲಿಂದ ತಗದಿಲ್ಲ. ಕತ್ರಿ ಇಡೂ ಟ್ರೇದಾಗ ಇಡ್ತಾರೇನ್ರಿ?”

‘ಕೊರಳಲ್ಲಿರುವುದನ್ನೆಲ್ಲ ತೆಗೆಸಿ ಟ್ರೇಯಲ್ಲಿ ಇಡಿಸಬೇಕು.’ ಆ ಸಾಲು ಬರೆದವಳು ನಾನು. ಮೂರನೆಯ ನಿಯಮ. ಮೇಲೆ ಹೋಗಿ ಘೋಡಗೇರಿಯ ಹಾಳೆ ತೆಗೆದೆ. ಕೆಂಪು ಗೆರೆ ಎಳೆದ ಏಳನೆಯ ಹೆಸರು ನೀಲವ್ವ, ಮುಂದೆ ಅಪ್ಪನ ಹೆಸರು. ತವರಿನ ಹೆಸರಿನಲ್ಲಿ ಅವರನ್ನು ನಾನು ಗುರುತಿಸಿರಲಿಲ್ಲ. ಕಸ್ತೂರಿಗೆ ಫೋನು ಮಾಡಿ ತಪ್ಪಾಯಿತು ಎಂದೆ. ಮೊದಲೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

“ಯಾಕ್ ಸುಳ್ಳ ಬರದಿ ಅಂತ ಕೇಳಿದ್ರಿ. ಅವ್ರು ಯಾಕ್ ಎದ್ದ ಹೋದ್ರು ಅಂತ ಕೇಳಲಿಲ್ಲ” ಎಂದಳು. ತಮ್ಮ ಕುರಿಗಾರರ ಹೆಂಗಸರಿಗೆ ಕೊರಳಲ್ಲಿ ಲಿಂಗವಿಲ್ಲ, ತಾಳಿ ಬೆನ್ನಿಗೆ ಸರಿಸಿದರೆ ಸಾಕಿತ್ತು, ಅದಕ್ಕೇ ಅಲ್ಲಿ ಎಲ್ಲರದೂ ಮುಗಿಯಿತು ಎಂದೂ ಹೇಳಿದಳು.

ಮರುದಿನವೇ ಅವಳು ಕೊಣ್ಣೂರಿಗೆ ಬಂದಳು. ನನ್ನ ಕೋಣೆಯಲ್ಲೇ ಪರದೆ ಕಟ್ಟಿದೆವು. ದಾರ ಕೊರಳಲ್ಲೇ ಇರಲಿ, ಕರಡಿಗೆಯನ್ನು ಎಡಗೈಯಲ್ಲಿ ಹಿಡಿದುಕೊಳ್ಳಿ ಎಂದು ಕಸ್ತೂರಿ ಹೇಳಿದಳು. ಪೂಜೆಗೆ ಲಿಂಗ ಹಿಡಿಯುವುದೂ ಅದೇ ಅಂಗೈಯಲ್ಲಿ. ನೀಲವ್ವ ಕಣ್ಣು ಮುಚ್ಚಿ ಮಲಗಿದರು. ಗಂಟು ಬಲಗಡೆ ಇತ್ತು. ಅದು ಕ್ಯಾನ್ಸರ್ ಎಂದು ಬೆಳಗಾವಿಯ ಪರೀಕ್ಷೆ ಹೇಳಿತು. ಶಸ್ತ್ರಚಿಕಿತ್ಸೆಯಾಯಿತು, ಕೂದಲು ಹೋಯಿತು. ಕಟ್ಟೆಯ ನಾಲ್ವರಿಗೆ ನೀಲವ್ವ ತಾವೇ ಎಲ್ಲ ಹೇಳಿದರು, ಇದನ್ನೆಲ್ಲ ಬರೆಯಿರಿ ಎಂದು ನನಗೂ ಹೇಳಿದರು. ಘೋಡಗೇರಿಯ ಉಳಿದ ಹತ್ತು ಮಂದಿಯ ಮನೆಗೆ ಕಸ್ತೂರಿಯೂ ನಾನೂ ನಡೆದು ಹೋದೆವು. ಮೂರನೆಯ ನಿಯಮವನ್ನು ನನ್ನ ಕೈಯಿಂದಲೇ ಹೊಡೆದುಹಾಕಿದೆ.

ಮೊನ್ನೆ ಹದಿನೈದು ದಿನ ಊರಿಗೆ ಹೋಗಿದ್ದೆ. ಊಟಕ್ಕೆ ಕೂತು ಬಾಯಿತಪ್ಪಿ “ಸಾರು ಭಾಳ ಚಲೋ ಐತಿ” ಎಂದೆ. ಎಲ್ಲರೂ ನಕ್ಕರು. ಅಕ್ಕನಿಗೆ ಐವತ್ತು ದಾಟಿದೆ, ಒಮ್ಮೆ ತೋರಿಸಿಕೋ ಎಂದೆ. ನಗು ನಿಂತಿತು. “ನಿನ್ನ ಆಫೀಸ್ ಮನಿ ಒಳ್ಗ್ ತರ್ಬೇಡ ಮಾರಾಯ್ತಿ. ನಂಗೆಂತ ಆಯ್ಲ” ಎಂದಳು. ಕಟ್ಟೆಯ ಮೇಲಿನ ನಾಲ್ವರು ಮೊದಲ ದಿನ ನನ್ನನ್ನು ನೋಡಿದ ಹಾಗೆಯೇ ಅವಳು ನೋಡಿದಳು. ಬೇಸರವಾಯಿತು. ಅದನ್ನು ನೀಲವ್ವನಿಗೆ ಫೋನಿನಲ್ಲಿ ಹೇಳಿಕೊಂಡೆ.

“ಅಕ್ಕನ ಮಾತ ಬಿಡ್ರಿ. ನಿಮ್ದು ನೀವು ತೋರಿಸ್ಕೊಂಡೀರೇನು?” ಎಂದರು.

ಇಲ್ಲ. ಮೂರು ತಾಲೂಕಿಗೆ ಯೋಜನೆ ಬರೆದ ನಾನು ನಲವತ್ತಾರರ ತನಕ ಒಮ್ಮೆಯೂ ಆ ಪರದೆಯೊಳಗೆ ಮಲಗಿರಲಿಲ್ಲ. ಊರಿನಲ್ಲೇ ತೋರಿಸೋಣವೆಂದು ಆಸ್ಪತ್ರೆಯ ಗೇಟಿನ ತನಕ ಹೋದೆ. ಒಳಗೆ ಗುರುತಿನವರು ಕಂಡರು. ಔಷಧಿ ಅಂಗಡಿಯಲ್ಲಿ ಏನೋ ಕೊಂಡವಳ ಹಾಗೆ ಮಾಡಿ ಹಿಂದೆ ಬಂದೆ.

ನಿನ್ನೆ ಕೊಣ್ಣೂರಿನ ಶಾಲೆಯಲ್ಲಿ ಶಿಬಿರ. ಸಾಲಿನಲ್ಲಿ ನಿಂತೆ. “ಊರ ಯಾವ್ದ ಬರೀಲ್ರಿ?” ಎಂದು ಕಸ್ತೂರಿ ತಲೆ ಎತ್ತದೆ ಕೇಳಿದಳು. ಕುಂದಾಪುರ ಎಂದೆ. ಆಮೇಲೆ, ತಡಿ, ಕೊಣ್ಣೂರ ಎಂದೆ. ಅವಳು ಎರಡನ್ನೂ ಬರೆದಳು. ಪರದೆಯೊಳಗೆ ಕೊರಳಿನ ಸರ ಬಿಚ್ಚಿದೆ. ನಮ್ಮಮ್ಮ ಹಾಕಿದ ಸರ ಅದು. ಇಡಲು ಟ್ರೇ ಹುಡುಕಿದೆ. ಪರದೆಯ ಸಂದಿಯಿಂದ ಒಂದು ಅಂಗೈ ಒಳಗೆ ಬಂತು.

“ನನ್ನ ಕೈಯಾಗ ಕೊಡ್ರಿ” ಎಂದರು ನೀಲವ್ವ. “ನೀವು ಏಳೂ ತನಕ ಇಲ್ಲೇ ನಿಂತಿರ್ತೇನಿ.”