ಭಾವನಿಗೆ ಕಳಿಸಿದ ಹಣ

ಜೂಪಾರ್ ಶಾವಿಗೆಗೆ ಹಿಟ್ಟು ಲಟ್ಟಿಸುತ್ತಿದ್ದಾಗ ಬ್ಯಾಂಕಿನಿಂದ ಫೋನ್ ಬಂತು. ಬೆಳಿಗ್ಗೆ ಅವಳು ಜೈಲಿಗೆ ಕಳಿಸಿದ್ದ ಹಣ ನಡುವೆಯೇ ನಿಂತಿತ್ತು.

"ಹಣ ಪಡೆಯೋರ ಹೆಸರು 'ಬೈ ಆಕೆ' ಅಂತ ಹಾಕಿದ್ದೀರಿ. ಅಲ್ಲಿ ಆ ಹೆಸರಿನ ಕೈದಿನೇ ಇಲ್ವಂತೆ," ಎಂದಳು ಬ್ಯಾಂಕಿನ ಹುಡುಗಿ.

ಇಲ್ಲದಿರುವುದು ನಿಜವೇ. ಕೈದಿ ಅವಳ ಗಂಡನ ಅಣ್ಣ. ನಾರಿನ್ ಬೆಟ್ಟಸೀಮೆಯ ಸೊಸೆಯರು ಗಂಡನ ಮನೆಯ ಹಿರಿಯರ ಹೆಸರೆತ್ತುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಜೂಪಾರ್ ಅವನನ್ನು 'ಬೈ ಆಕೆ', ಸಿರಿವಂತ ಅಣ್ಣ, ಎಂದು ಕರೆದಿದ್ದಳು; ಆಗ ಅವನ ಸಿರಿಯೆಂದರೆ ಒಂದು ಕುಂಟು ಕುದುರೆ. ಬೆಳಿಗ್ಗೆ ಫೋನಿನಲ್ಲಿ ಬೆರಳು ರೂಢಿಯಂತೆ ಅದನ್ನೇ ಒತ್ತಿತ್ತು.

ದನಗಳ್ಳತನದ ಕೇಸಿನಲ್ಲಿ ಒಳಗಿರುವ ಅವನಿಗೆ ಎದೆಯ ಕೆಮ್ಮು. ನಾಳೆ ನಸುಕಿಗೆ ದೂರದ ಜೈಲಿಗೆ ಸಾಗಿಸುತ್ತಾರೆ. ಇವತ್ತು ಜೈಲಿನ ಅಂಗಡಿ ಮುಚ್ಚುವುದರೊಳಗೆ ಹಣ ಸೇರಿದರೆ ಉಣ್ಣೆಯ ಅಂಗಿ ಸಿಕ್ಕೀತು. ಇಲ್ಲವಾದರೆ ಹಿಮದ ಕಣಿವೆಯನ್ನು ತೆಳು ಅಂಗಿಯಲ್ಲೇ ದಾಟಬೇಕು.

"ಸರಿಯಾದ ಹೆಸರು ಹೇಳಿ ಅಕ್ಕಾ, ತಿದ್ತೀನಿ."

ಚಹಾ ಕುಡಿಯುತ್ತಿದ್ದ ಅತ್ತೆ ಸೈರಾಕಾನ್ ಬಟ್ಟಲು ಕೆಳಗಿಟ್ಟಳು.

"ಬರೆದು ಕಳಿಸ್ಲಾ?"

"ಆಗಲ್ಲ. ನಿಮ್ಮ ಮಾತು ರೆಕಾರ್ಡ್ ಆಗ್ಬೇಕು."

ಅತ್ತೆ ಫೋನ್ ಕಿತ್ತುಕೊಂಡಳು. "ಏ ಹುಡುಗಿ, ಹೆತ್ತೋಳು ನಾನು. ನಾನೇ ಹೇಳ್ತೀನಿ, ಬರ್ಕೋ."

"ಖಾತೆ ಆ ಅಕ್ಕಂದು ಅಜ್ಜಿ. ಅವ್ರೇ ಹೇಳ್ಬೇಕು."

"ನಿಂಗೆ ಮದ್ವೆ ಆಗಿದ್ಯಾ?"

"ಇಲ್ಲ."

"ಅದಕ್ಕೇ ಹಿಂಗಾಡ್ತೀಯ!"

ಫೋನ್ ಮತ್ತೆ ಜೂಪಾರ್ ಕೈಗೆ ಬಂತು. ಬಾಯಿ ತೆರೆದಳು. ಮೊದಲ ಅಕ್ಷರಕ್ಕೇ ಮತ್ತೆ ಮುಚ್ಚಿದಳು.

"ಅಕ್ಕಾ, ಇದ್ದೀರಾ? ಇನ್ನೇನು ಕೌಂಟರ್ ಮುಚ್ತಾರೆ."

"ಹೇಳೇ, ನನ್ನ ಮಗ ಸಾಯ್ಲಿ ಅಂತಿದ್ದೀಯಾ?" ಅತ್ತೆ ಗದರಿದಳು.

"ಅಪಾ, ನಿಮ್ಮೆದುರಿಗೆ ಬಾಯೇ ಬರ್ತಿಲ್ಲ," ಎಂದಳು ಜೂಪಾರ್. ಅತ್ತೆಯನ್ನು ಅವಳು ಕರೆಯುತ್ತಿದ್ದುದೇ 'ಅಪಾ', ಅಮ್ಮ, ಎಂದು.

"ಹೊರಗೆ ಹಿಮ ಬೀಳ್ತಿದೆ."

"ಗೊತ್ತು, ಅಪಾ."

ಸೈರಾಕಾನ್ ಅವಳನ್ನೇ ದಿಟ್ಟಿಸಿದಳು. ಆಮೇಲೆ ಮಂಡಿ ಹಿಡಿದು ಎದ್ದು ಕಂಬಳಿ ಬೂಟು ತೊಟ್ಟಳು. "ಸೊಸೆಗೆ ಮರ್ಯಾದೆ ಕಲ್ಸಿದ್ದಕ್ಕೆ ಮುದುಕಿಗೆ ಶಿಕ್ಷೆ," ಎಂದು ಗೊಣಗುತ್ತ ಅಂಗಳಕ್ಕಿಳಿದು ಬಾಗಿಲು ಎಳೆದುಕೊಂಡಳು.

ಜೂಪಾರ್ ಗೋಡೆಯತ್ತ ತಿರುಗಿ, ಕಣ್ಣು ಮುಚ್ಚಿ ಉಸುರಿದಳು: "ತಾಶ್ತಾನ್‌ಬೆಕ್."

"ಕೇಳಿಸ್ಲಿಲ್ಲ ಅಕ್ಕಾ. ಸ್ವಲ್ಪ ಜೋರಾಗಿ."

"ತಾಶ್ತಾನ್‌ಬೆಕ್!"

ಅಂಗಳದಲ್ಲಿ ಅತ್ತೆ ಸುಮ್ಮಸುಮ್ಮನೆ ಜೋರಾಗಿ ಕೆಮ್ಮಿದಳು.

ಅಂಗಡಿ ಮುಚ್ಚುವ ಮೊದಲೇ ಹಣ ಅವನ ಖಾತೆ ಸೇರಿತು. ನಸುಕಿಗೆ ಉಣ್ಣೆಯ ಅಂಗಿ ತೊಟ್ಟ ಅವನನ್ನು ಹೊತ್ತು ವ್ಯಾನ್ ಹೊರಟಿತು. ಹೊಸ ಜೈಲಿನಿಂದ ಅವನ ಫೋನ್ ಬಂದದ್ದು ಮುಂದಿನ ತಿಂಗಳು.