ಪಕ್ಕದ ಮನೆಯ ಈಶಾನ್ಯ ಮೂಲೆ

ನಮ್ಮ ಬಡಾವಣೆಯಲ್ಲಿ ಎಲ್ಲರೂ ಒಂದು ಸಲವಾದರೂ ಬೇರೆಯವರ ಮನೆ ಬಾಗಿಲು ತೆರೆಯಲು ಹೋದವರೇ. ಪರದೇಶದ ಈ ಡುವಾಲ್ ಊರಿನ ಅಂಚಿನ ಗುಡ್ಡದ ಮೇಲೆ ಒಂದೇ ಕಂಪನಿ ಒಂದೇ ನಕ್ಷೆ ಹಿಡಿದು ಕಟ್ಟಿದ ಮನೆಗಳು. ಬೂದು, ತಿಳಿ ಬೂದು, ನೆನೆದ ಬೂದು, ಬಣ್ಣ ಅಂದರೆ ಇಷ್ಟೇ. ಮರಗಳನ್ನು ಕಡಿದು ಅವುಗಳ ಹೆಸರನ್ನು ಬೀದಿಗಳಿಗೆ ಇಟ್ಟಿದ್ದಾರೆ. ಕೆಳಗೆ ಕಣಿವೆಯಲ್ಲಿ ನದಿ. ಬೆಳಗಾದರೆ ಅಲ್ಲಿಂದ ಮಂಜು ಮೆಲ್ಲಗೆ ಗುಡ್ಡ ಹತ್ತಿ ಬಂದು ಒಂದೊಂದೇ ಮನೆಯನ್ನು ಅಳಿಸಿಕೊಂಡು ಹೋಗುತ್ತದೆ. ಆ ಹೊತ್ತಿನಲ್ಲಿ ಕಿಟಕಿ ಹತ್ತಿರ ನಿಂತರೆ ಎದ್ದಿದ್ದೇನೋ, ಇನ್ನೂ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ. ನನ್ನ ಗಂಡ ಒಂದು ಸಂಜೆ ರೆಡ್ಮಂಡಿನ ಆಫೀಸಿನಿಂದ ಬಂದು, ಪಕ್ಕದ ಮನೆ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ರಿಮೋಟು ಒತ್ತಿ ಒತ್ತಿ, ಬ್ಯಾಟರಿ ಹಾಕಿಸಿಲ್ಲ ಅಂತ ಫೋನಿನಲ್ಲಿ ನನ್ನ ಮೇಲೆ ರೇಗಿದ್ದರು. ನಾನು ಒಳಗಿನಿಂದ ಇಣುಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಈ ತಪ್ಪು ನಮಗೆ ಹೊಸದಲ್ಲ, ಮನೆ ಏಳುವುದಕ್ಕೆ ಮುಂಚೆಯೇ ಮಾಡಿ ಮುಗಿಸಿದ್ದೆವು ಅನ್ನುವುದು ಆಗ ಗೊತ್ತಿರಲಿಲ್ಲ.

ನಾವು ಇಲ್ಲಿ ಸೈಟು ಆರಿಸಿದ ವರ್ಷವೇ ನನ್ನ ಬಸಿರು ನಿಲ್ಲದೆ ಹೋಯಿತು. ಎರಡನೆಯ ಸಲ. ಡಾಕ್ಟರು ಒಳ್ಳೆಯ ಮಾತಾಡಿದರು, ಗಂಡ ಒಳ್ಳೆಯ ಮಾತಾಡಿದರು, ನನಗೆ ಮಾತ್ರ ಒಳ್ಳೆಯ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮಂಡ್ಯದಿಂದ ಅಮ್ಮ ಬಂದಳು. ಅವಳು ಒಳ್ಳೆಯ ಮಾತು ಆಡಲಿಲ್ಲ. "ಏಳು, ತಲೆ ಬಾಚಿಕೋ, ದೆವ್ವದ ಹಾಗಿದೀಯ" ಅಂದಳು. ಅದಕ್ಕೇ ಎದ್ದೆ.

ಅಮ್ಮ ಸೂಟ್‌ಕೇಸಿನಲ್ಲಿ ಅಜ್ಜಿಯ ಕೆಂಪು ಕಲ್ಲಿನ ಮೂಗುತಿ ತಂದಿದ್ದಳು. ಅಜ್ಜಿ ಎಂಟು ಹೆತ್ತವಳು. ಅದನ್ನು ನವಧಾನ್ಯದ ಜೊತೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಪಾಯ ತುಂಬುವ ಮುಂಚೆ ಈಶಾನ್ಯ ಮೂಲೆಯಲ್ಲಿ ಇಡಬೇಕು, ಆಗ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಅನ್ನುವುದು ಅವಳ ನಂಬಿಕೆ. ನನಗೆ ನಂಬಿಕೆ ಇತ್ತಾ? ಇರಲಿಲ್ಲ ಅಂತ ಹೇಳುವಷ್ಟು ಧೈರ್ಯ ಇರಲಿಲ್ಲ.

ಕಟ್ಟುತ್ತಿರುವ ಜಾಗಕ್ಕೆ ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ಕೆಲಸದವರಿಲ್ಲದ ಒಂದು ಭಾನುವಾರ ಬೆಳಿಗ್ಗೆ ಕಳ್ಳರ ಹಾಗೆ ಹೋದೆವು. ಅಮ್ಮನ ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ನನ್ನ ಶೂ. ಮಂಜು ಹೇಗಿತ್ತು ಅಂದರೆ ಅಮ್ಮ ನಾಲ್ಕು ಹೆಜ್ಜೆ ಮುಂದೆ ಹೋದರೆ ಬರೀ ಬಳೆ ಸದ್ದು. ಪಾಯದ ಸುತ್ತ ಕಟ್ಟಿದ ಮರದ ಹಲಗೆಗಳು ಎಲ್ಲಿಂದಲೋ ತೇಲಿ ಬಂದ ಹಾಗೆ ಒಂದೊಂದೇ ಕಾಣುತ್ತಿದ್ದವು. ಎರಡು ಸೈಟುಗಳ ಮಧ್ಯೆ ಗುಲಾಬಿ ರಿಬ್ಬನ್ ಕಟ್ಟಿದ ಒಂದು ಗೂಟ. ಅದರ ಮೇಲೆ ನಮ್ಮ ನಂಬರು. "ಇದೇ, ಇದೇ" ಅಂದು ಗಂಡ ಗೂಟ ದಾಟಿದರು, ನಾವು ಹಿಂದೆ ಹೋದೆವು. ಫೋನಿನ ದಿಕ್ಸೂಚಿ ಹಿಡಿದು ಈಶಾನ್ಯ ಹುಡುಕಿದರು. ಅಮ್ಮ ಅಡುಗೆಮನೆ ಸೌಟಿನಿಂದ ಗುಂಡಿ ತೋಡಿದಳು, ಗಂಡ ಫೋನು ನೋಡಿಕೊಂಡು ಮಂತ್ರ ಓದಿದರು, ನಾನು ಹಾಲು ಬಿಟ್ಟೆ. ಗಂಟನ್ನು ಮಣ್ಣಿನಲ್ಲಿ ಮುಚ್ಚುವಾಗ ಅಮ್ಮ ಅತ್ತಳು. ಜೀವಮಾನದಲ್ಲಿ ಅವಳು ಅತ್ತಿದ್ದನ್ನು ನಾನು ಹೆಚ್ಚು ನೋಡಿಲ್ಲ. ಒಂದು ಫೋಟೋ ತೆಗೆದೆ. ಮರುದಿನವೋ ಅದರ ಮರುದಿನವೋ ಕಾಂಕ್ರೀಟು ಬಂದು ಬಿತ್ತು.

ಮನೆ ಕೈಗೆ ಬಂತು, ಹಾಲು ಉಕ್ಕಿಸಿದೆವು, ಅಮ್ಮ ಮಂಡ್ಯಕ್ಕೆ, ಅಣ್ಣನ ಮನೆಗೆ ವಾಪಸು ಹೋದಳು. ಪ್ರತಿ ಶನಿವಾರ ವಿಡಿಯೋ ಕಾಲ್ ಮಾಡಿ ಮೊದಲು ಕೇಳುವುದು, "ಮೂಲೆ ತೋರಿಸೇ." ಅಲ್ಲಿ ದೇವರ ಮಂದಾಸನ, ಕಿಟಕಿ, ಒಂದು ಗಿಡ್ಡ ಸೋಫಾ. ಅಮ್ಮ ಒಂದು ಗಳಿಗೆ ಸುಮ್ಮನೆ ನೋಡುತ್ತಾಳೆ. ಆಮೇಲೆ ನನ್ನ ಮುಖ ನೋಡುತ್ತಾಳೆ. ಏನೂ ಕೇಳುವುದಿಲ್ಲ. ಕೇಳಿಬಿಟ್ಟರೇ ವಾಸಿ ಅನ್ನಿಸುತ್ತಿತ್ತು.

ಪಕ್ಕದ ಮನೆಗೂ ಅದೇ ತಿಂಗಳು ಗಂಡ ಹೆಂಡತಿ ಬಂದರು, ಇಲ್ಲಿಯವರೇ. ಅವಳು ಶಾಲೆಯ ಟೀಚರು, ಕೆಂಪು ಕೂದಲು, ಧಾರಾಳ ನಗು. ಒಂದು ದಿನ ಬೇಲಿಯ ಹತ್ತಿರ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು. ಎಷ್ಟೋ ವರ್ಷ ಕಾದಿದ್ದರಂತೆ, ಆಸೆ ಬಿಟ್ಟಿದ್ದರಂತೆ. "ಈ ಮನೆಯಲ್ಲೇ ಏನೋ ಇದೆ" ಅಂದಳು. ನಾನು ತಬ್ಬಿಕೊಂಡು ಶುಭಾಶಯ ಹೇಳಿದೆ. ಒಳಗೆ ಬಂದು ಚಪಾತಿ ಹಿಟ್ಟನ್ನು ಎಷ್ಟು ನಾದಿದೆನೆಂದರೆ ಅವತ್ತಿನ ಚಪಾತಿ ಹತ್ತಿಯ ಹಾಗೆ ಮೆತ್ತಗಿತ್ತು.

ಅದಾಗಿ ಕೆಲವು ವಾರಕ್ಕೆ ಫೋನು ತಾನಾಗಿ ಹಳೆಯ ಫೋಟೋ ತೋರಿಸಿತು. ಮಂಜಿನಲ್ಲಿ ಅಮ್ಮ ಬಗ್ಗಿ ಕೂತಿದ್ದಾಳೆ, ಕೈಯಲ್ಲಿ ಸೌಟು. ಅವಳ ಬೆನ್ನ ಹಿಂದೆ ಹಸಿರು ಕರೆಂಟಿನ ಪೆಟ್ಟಿಗೆ. ಕಿಟಕಿಯಿಂದ ಆಚೆ ನೋಡಿದೆ. ಆ ಪೆಟ್ಟಿಗೆ ಇರುವುದು ಪಕ್ಕದ ಮನೆಯ ಮುಂದೆ.

ಗೂಟದ ಎರಡು ಮೈಗೂ ನಂಬರು ಬರೆದಿರುತ್ತಾರೆ, ಯಾವ ಕಡೆ ನಿಂತರೆ ಯಾವ ನಂಬರು ಕಾಣುತ್ತದೋ ಆ ಕಡೆಯದು ಆ ನಂಬರಿನ ಸೈಟು. ನಮ್ಮ ನಂಬರು ಕಂಡಾಗ ನಾವು ನಮ್ಮ ನೆಲದ ಮೇಲೇ ನಿಂತಿದ್ದೆವು. ಅಲ್ಲೇ ನಿಲ್ಲಬೇಕಿತ್ತು. ದಾಟಿಬಿಟ್ಟೆವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮ ಪೂಜಾರಿ ಕೊಟ್ಟ, ಅಡ್ರೆಸ್ಸು ತಪ್ಪಿ ಕೊಟ್ಟ. ಅವತ್ತು ಪೂಜಾರಿಯಾಗಿದ್ದ ಗಂಡನ ಮೇಲೆ ನಾನು ಕೂಗಿದ ಕೂಗಿಗೆ ಗೋಡೆ ಬಿರುಕು ಬಿಡಬೇಕಿತ್ತು. ಅವರು ತಲೆ ತಗ್ಗಿಸಿ, "ಈಗ ಕಾಂಕ್ರೀಟು ಒಡೆಯಕ್ಕಾಗುತ್ತೇನೇ?" ಅಂದರು. ಒಡೆಯಬೇಕು ಅಂತಲೇ ನನಗೆ ಅನ್ನಿಸಿತ್ತು. ಹೊಟ್ಟೆಕಿಚ್ಚು, ಇನ್ನೇನು? ಅಜ್ಜಿ ನನ್ನವಳು, ಮೂಗುತಿ ನನ್ನದು, ಅಮ್ಮನ ಕಣ್ಣೀರು ನನ್ನದು, ತೊಟ್ಟಿಲು ಮಾತ್ರ ಪಕ್ಕದ ಮನೆಗೆ! ವಿಜ್ಞಾನ ಓದಿದ ತಲೆ ಅದೆಲ್ಲ ಸುಳ್ಳು ಅನ್ನುತ್ತಿತ್ತು. ಹೊಟ್ಟೆ ಕೇಳುತ್ತಿರಲಿಲ್ಲ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅವಳಿಗೆ ಉಳಿದಿದ್ದ ಒಂದೇ ಭರವಸೆಯನ್ನೂ ಕಿತ್ತುಕೊಂಡ ಹಾಗಲ್ಲವೇ? ಶನಿವಾರ ಬಂದರೆ ಖಾಲಿ ಮೂಲೆ ತೋರಿಸುತ್ತಾ ಹೋದೆ.

ಪಕ್ಕದ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ನಾನು ನೋಡಲು ಹೋಗಲಿಲ್ಲ. ಶೀತ, ಆಫೀಸು, ಮತ್ತೆ ಶೀತ.

ಒಂದು ಶನಿವಾರ ಬೆಳಿಗ್ಗೆ, ಎದುರಿನ ಮನೆಯೂ ಕಾಣದಷ್ಟು ಮಂಜು. ಬಾಗಿಲು ಹಾಗೇ ಬಿಟ್ಟು, ರಸ್ತೆಯ ಅಂಚಿನಿಂದ ಕಸದ ಡಬ್ಬ ತರಲು ಹೋದೆ. ಡಬ್ಬವನ್ನು ಹಿತ್ತಲಿಗೆ ಎಳೆದಿಟ್ಟು, ಅಲ್ಲಿ ಉದುರಿದ ಎಲೆಯೆಲ್ಲ ಗುಡಿಸಿ ಒಳಗೆ ಬಂದರೆ, ಮೂಲೆಯ ಸೋಫಾದ ಮೇಲೆ ಅವಳು. ಕೆಂಪು ಕೂದಲೆಲ್ಲ ಹನಿ. ಶೂ ಕಳಚಿ, ಕಾಲು ಮಡಚಿ, ತನ್ನ ಮನೆಯೆಂದುಕೊಂಡು ಗಾಢ ನಿದ್ದೆ. ಮಗುವನ್ನು ಸುಧಾರಿಸಲು ಸುತ್ತಾಡಿಸಿ, ನಿದ್ದೆಗಣ್ಣಿನಲ್ಲಿ ತೆರೆದ ಬೂದು ಬಾಗಿಲು ಕಂಡು ಬಂದುಬಿಟ್ಟಿದ್ದಾಳೆ. ಮಂದಾಸನದಲ್ಲಿ ದೀಪ ಉರಿಯುತ್ತಿತ್ತು, ಅದೂ ಅವಳ ಕಣ್ಣಿಗೆ ಬಿದ್ದಿಲ್ಲ. ಎದೆಯ ಮೇಲಿದ್ದ ಮಗು ಮೆಲ್ಲಗೆ ಜಾರುತ್ತಿತ್ತು.

ಎತ್ತಿಕೊಂಡೆ. ಇನ್ನೇನು ಮಾಡಲಿ? ಬೀಳುವ ಮಗುವನ್ನು ಯಾರದ್ದು ಅಂತ ಕೇಳಿ ಎತ್ತಿಕೊಳ್ಳುತ್ತಾರಾ? ಬೆಚ್ಚಗೆ, ಹಾಲಿನ ವಾಸನೆ. ಕಣ್ಣು ಬಿಟ್ಟು ನನ್ನ ನೋಡಿತು, ಗುರುತಿದ್ದವರ ಹಾಗೆ. ನಾನು ಅಲುಗಾಡದೆ ನಿಂತೆ.

ಆಗಲೇ ಅಮ್ಮನ ಕಾಲ್ ಬಂತು. ಸದ್ದು ನಿಲ್ಲಿಸಲು ಅವಸರದಲ್ಲಿ ಒತ್ತಿದೆ. "ಮೂಲೆ ತೋರಿಸೇ." ತೋರಿಸಿದೆ.

"ಯಾರೇ ಅದು ಮಲಗಿರೋದು? ಅಯ್ಯೋ, ಯಾರದೇ ಮಗು?"

ಪಿಸುಗುಟ್ಟುತ್ತಲೇ ಎಲ್ಲ ಹೇಳಿಬಿಟ್ಟೆ. ಗೂಟ, ಮಂಜು, ಹಸಿರು ಪೆಟ್ಟಿಗೆ. "ಅಜ್ಜಿ ಮೂಗುತಿ ಇವಳ ಮನೆ ಕೆಳಗಿದೆ ಅಮ್ಮ. ನಮ್ಮ ಮೂಲೆಯಲ್ಲಿ ಏನೂ ಇಲ್ಲ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮಗು ಮನೆಗೆ ಬಂದಿದ್ದು ಇದೇ ಮೊದಲಾ?"

"ಹೂಂ."

"ಮತ್ತೇನು ನಿಂತಿದೀಯ? ಮೊದಲನೇ ಸಲ ಬಂದ ಮಗೂನ ಹಾಗೇ ಕಳಿಸ್ತಾರಾ? ನಾಲಿಗೆಗೆ ಒಂದು ಚೂರು ಸಕ್ಕರೆ ಮುಟ್ಟಿಸು."

"ಇಲ್ಲಿ ಹಾಗೆಲ್ಲ ಮಾಡೋ ಹಾಗಿಲ್ಲ ಅಮ್ಮ. ಅವರು ಒಪ್ಪಲ್ಲ."

"ಹಾಗಾದ್ರೆ ನಿನ್ನ ಬಾಯಿಗೆ ಹಾಕ್ಕೋ" ಅಂದಳು ಅಮ್ಮ. "ಎಷ್ಟು ದಿನ ಅಂತ ಕಹಿ ಇಟ್ಕೊಂಡಿರ್ತೀಯ?"

ಮಗುವನ್ನು ಎಡತೋಳಿಗೆ ಸರಿಸಿಕೊಂಡು ಅಡುಗೆಮನೆಗೆ ಹೋದೆ. ಡಬ್ಬದ ಮುಚ್ಚಳ ಒಂದೇ ಕೈಯಲ್ಲಿ ತೆರೆಯುವಷ್ಟರಲ್ಲಿ ಅಳು ಬಂದಿತ್ತು. ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡೆ. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು.