ರಾಗಿ ಮೂಟೆ ಹೊತ್ತು ಸೈಕಲ್ ಪರೀಕ್ಷೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಚೇನಹಳ್ಳಿ ರಸ್ತೆ ಪಕ್ಕದ ಬೋಳು ಗುಡ್ಡದ ನೆತ್ತಿಯಲ್ಲಿ, ಪತ್ರಿಕೆಗೆ ಬರೆಯಲೆಂದು ಬಂದಿರುವ ನನ್ನೆದುರು, ಯಾಮಿನಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾರೆ. ಬೆನ್ನಿಗೊಂದು ಚೀಲ. ಅದರಲ್ಲಿ ನೀರಿಲ್ಲ, ತಿಂಡಿಯಿಲ್ಲ. ಇಪ್ಪತ್ತೈದು ಕಿಲೋ ರಾಗಿ ಇದೆ.

"ಅಲುಗಾಡ್ತಾ ಇದ್ಯಾ ಅಕ್ಕ?" ಚೀಲದ ಪಟ್ಟಿ ಜಗ್ಗಿ ನೋಡುತ್ತಾರೆ ಜಗನ್. ಸೈಕಲ್ಲಿನ ವಿನ್ಯಾಸ ಅವರದು.

"ರಾಗಿ ಆರಾಮಾಗಿದೆ ಕಣೋ. ನನ್ನನ್ನ ಕೇಳು."

ಹಾಗೆಂದವರೇ ಸೈಕಲ್ ಏರಿ ಬಂಡೆಗಳ ನಡುವೆ ಇಳಿದು ಮರೆಯಾಗುತ್ತಾರೆ.

ಯಾಮಿನಿ ಚಿಕ್ಕಬಳ್ಳಾಪುರದ ಹೊರಗಿನ ಸೈಕಲ್ ಕಾರ್ಖಾನೆಯೊಂದರ ಪರೀಕ್ಷಾ ಸವಾರರು. ಅಲ್ಲಿ ತಯಾರಾಗುವುದು ಎಂಡ್ಯೂರೋ ಸೈಕಲ್. ಈ ಆಟದಲ್ಲಿ ಗುಡ್ಡವನ್ನು ಪೆಡಲ್ ತುಳಿದೇ ಹತ್ತಬೇಕು. ಗಡಿಯಾರ ಓಡುವುದು ಮಾತ್ರ ಇಳಿಯುವಾಗ. ಹಾಗಾಗಿ ಸೈಕಲ್ ಹತ್ತಲು ಹಗುರವೂ ಇರಬೇಕು, ಇಳಿಯಲು ಗಟ್ಟಿಯೂ ಇರಬೇಕು. ಇಳಿಜಾರಿನಲ್ಲಿ ಮುಗ್ಗರಿಸದಿರಲೆಂದು ಮುಂದಿನ ಚಕ್ರ ಸವಾರರಿಂದ ದೂರಕ್ಕೆ ಚಾಚಿಕೊಂಡಿರುತ್ತದೆ. ಬಂಡೆಯ ಹೊಡೆತ ನುಂಗಲು ಹಿಂದೆ, ಮುಂದೆ ಗಾಳಿ ತುಂಬಿದ ಉದ್ದನೆಯ ಶಾಕ್. ಗುಂಡಿ ಒತ್ತಿದರೆ ಸೀಟು ತಗ್ಗುತ್ತದೆ, ಸವಾರರು ಸೊಂಟವನ್ನು ಹಿಂದಕ್ಕೆ ಸರಿಸಿ ಇಳಿಯಬಹುದು.

ಕಾರ್ಖಾನೆಯ ಪೋಸ್ಟರಿನಲ್ಲಿ ಗಡ್ಡದ ರೂಪದರ್ಶಿಯೊಬ್ಬ ಕಡಿದಾದ ಇಳಿಜಾರಿನಲ್ಲಿ ಸೀಟನ್ನು ಪೂರ್ತಿ ಎತ್ತರಿಸಿಕೊಂಡು ಕೂತು ನಗುತ್ತಿದ್ದಾನೆ. ನಿಜಕ್ಕೂ ಹಾಗೆ ಇಳಿದಿದ್ದರೆ ಹಲ್ಲೇ ಇರುತ್ತಿರಲಿಲ್ಲ. ಯಾಮಿನಿಯ ಚಿತ್ರವಿರಲಿ, ಹೆಸರೂ ಅಲ್ಲಿಲ್ಲ.

ಇನ್ನು ರಾಗಿಯ ವಿಚಾರ. ಶಾಕ್ ಎಷ್ಟು ಬಿಗಿಯಿರಬೇಕೆಂಬುದು ಸವಾರರ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ಕಾರ್ಖಾನೆ ಮನಸ್ಸಿನಲ್ಲಿಟ್ಟುಕೊಂಡಿರುವುದು ಎಪ್ಪತ್ತೈದು ಕಿಲೋದ ಗಂಡಸನ್ನು. ಅಂಥವರೊಬ್ಬರಿದ್ದರು, ಎರಡು ಸಲ ಬಿದ್ದು ಕೆಲಸ ಬಿಟ್ಟರು. ಉಳಿದವರು ಐವತ್ತು ಕಿಲೋದ ಯಾಮಿನಿ. ಮಿಕ್ಕ ಕೊರತೆಯನ್ನು ಯಾರೋ ಬುದ್ಧಿವಂತರು ರಾಗಿಯಿಂದ ತುಂಬಿಸಿದರು. ಹೆಂಗಸಿನ ಮೇಲೊಂದು ಮೂಟೆ ಹೇರಿದರೆ ಗಂಡಸಾಗುತ್ತದೆ ಎಂಬ ಈ ತೀರ್ಮಾನಕ್ಕೆ ಸಭೆಯಲ್ಲಿ ಒಬ್ಬರೂ ನಗಲಿಲ್ಲವಂತೆ.

ಗುಡ್ಡ ನಕ್ಕಿತು. ನಾಲ್ಕು ತಿಂಗಳ ಹಿಂದೆ ಕಡಿದಾದ ತಿರುವಿನಲ್ಲಿ ಮೂಟೆ ಜಾರಿ ಹೆಲ್ಮೆಟ್ಟಿಗೆ ಗುದ್ದಿತು. ಸೈಕಲ್ಲಿನ ಫ್ರೇಮ್ ಯಾಮಿನಿಯ ಅಳತೆಗಿಂತ ಉದ್ದ. ಹಿಂದಕ್ಕೆ ಸರಿಯಲು ತೋಳು ಸಾಲಲಿಲ್ಲ. ಹ್ಯಾಂಡಲ್ ದಾಟಿ ಬಿದ್ದರು, ಭುಜದ ಮೂಳೆ ಬಿರುಕುಬಿಟ್ಟಿತು. ಕಾರ್ಖಾನೆ ಅದರಿಂದ ಕಲಿತದ್ದೇನು? ಮುಂದಿನ ಶಾಕ್ ಮೆತ್ತಗಿದೆ, ಇನ್ನಷ್ಟು ಗಾಳಿ ತುಂಬಿ! ಈಗ ಪ್ರತಿ ಕಲ್ಲೂ ನೇರ ಅಂಗೈಗೆ ಬಡಿಯುತ್ತದೆ.

ಮುದ್ದೇನಹಳ್ಳಿಯ ಮನೆಯಲ್ಲಿ ತಾಯಿ ಆಂಜಿನಮ್ಮ ಮಗಳ ಭುಜಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತಾ ಗೊಣಗುತ್ತಾರೆ: "ರಾಗಿ ಹೊತ್ಕೊಂಡು ಬೆಟ್ಟ ಸುತ್ತೋಕೆ ಡಿಪ್ಲೊಮಾ ಓದ್ಬೇಕಿತ್ತೇನಮ್ಮ? ಆ ರಾಗಿನ ಮಿಲ್ಲಿಗಾದ್ರೂ ಕಳ್ಸಿದ್ರೆ ಹಿಟ್ಟಾಗ್ತಿತ್ತು."

ಸಣ್ಣ ಮೈಯವರಿಗೆ ಸಣ್ಣ ಫ್ರೇಮ್ ಮಾಡಿ ಎಂದು ಯಾಮಿನಿ ಸೇರಿದ ದಿನದಿಂದ ಕೇಳುತ್ತಿದ್ದಾರೆ. ಜಗನ್ ಒಂದನ್ನು ಮಾಡಿಯೂ ಇದ್ದಾರೆ. ಅದು ಬಣ್ಣವಿಲ್ಲದೆ ಗೋಡೆಗೆ ನೇತುಬಿದ್ದಿದೆ. ಮಾರಾಟಕ್ಕೆ ಯಾಕಿಲ್ಲ? ಸಣ್ಣ ಮೈಯವರು ಓಡಿಸಿ ಪರೀಕ್ಷಿಸಿಲ್ಲವಂತೆ! ಓಡಿಸಬೇಕಾದವರನ್ನು ಮೂಟೆ ಹೊರಿಸಿ ದೊಡ್ಡ ಸೈಕಲ್ ಹತ್ತಿಸಿದವರು ಯಾರು ಎಂದು ಕೇಳಿದರೆ ಕಚೇರಿಯಲ್ಲಿ ಕಾಫಿ ತರಿಸುತ್ತಾರೆ.

ನಾನೂ ಜಗನ್ ಕೂಡ ಇಳಿದು ಬಂದ ಮೇಲೆ, ಗುಡ್ಡದ ಬುಡದಲ್ಲಿ ಯಾಮಿನಿ ಚೀಲ ಕಳಚಿ ಬಂಡೆಯ ಮೇಲಿಡುತ್ತಾರೆ. ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಾರೆ.

"ಜಗನ್, ಇನ್ಮೇಲೆ ಇದನ್ನ ಹೊರಲ್ಲ. ಸಣ್ಣ ಫ್ರೇಮ್ ತಗೊಂಡ್ಬಾ."

"ಮೇಲಿನೋರು ಬೇರೆಯವ್ರನ್ನ ನೋಡ್ತಾರೆ ಅಕ್ಕ."

"ನೋಡ್ಲಿ. ಪೋಸ್ಟರಲ್ಲಿರೋ ಅಣ್ಣನ್ನೇ ಕರ್ಕೊಂಬರ್ಲಿ. ಸೀಟು ಇಳಿಸೋದು ಹೇಳ್ಕೊಡು, ಪಾಪ."

ಜಗನ್ ನಗು ತಡೆದುಕೊಂಡು ದೂರ ಹೋಗಿ ಫೋನ್ ಮಾಡುತ್ತಾರೆ. ಬಹಳ ಹೊತ್ತು ವಾದಿಸುತ್ತಾರೆ. ತರುವ ಉತ್ತರ ಇಷ್ಟು: ಸೋಮವಾರ ಒಂದು ಬೆಳಗ್ಗೆ ಸಣ್ಣ ಫ್ರೇಮನ್ನು ಗುಡ್ಡಕ್ಕೆ ತರಬಹುದು. ಅದು ಕಾರ್ಖಾನೆಗೆ ಮೆಚ್ಚುಗೆಯಾಗದಿದ್ದರೆ ಆ ಅಳತೆಯೂ ಇಲ್ಲ, ಯಾಮಿನಿಯ ಕೆಲಸವೂ ಇಲ್ಲ. ದೊಡ್ಡ ಅಳತೆಗೆ ಎಷ್ಟೋ ಬೆಳಗುಗಳು ಸಿಕ್ಕವು, ಇದಕ್ಕೆ ಒಂದೇ.

ಸೋಮವಾರ ಬಿದ್ದರೆ, ಎಂದು ನಾನು ಕೇಳುತ್ತೇನೆ. ಯಾಮಿನಿ ಗುಡ್ಡದ ಕಡೆ ನೋಡುತ್ತಾರೆ.

"ಬೀಳ್ಬೋದು ಸಾರ್. ಆದ್ರೆ ಸೈಕಲ್ ನನ್ನ ಅಳತೇದು ಆಗಿರತ್ತಲ್ಲ, ಬಿದ್ರೆ ತಪ್ಪು ನಂದೇ ಅಂತ ಒಪ್ಕೊಳ್ತೀನಿ. ಇಷ್ಟು ದಿನ ಅದಕ್ಕೂ ಅವಕಾಶ ಇರ್ಲಿಲ್ಲ."